ಮಲಗುವಷ್ಟು ಜಾಗ

ವೆಂಕಟಗಿರಿ ಹಿತ್ತಲಲ್ಲಿ ಅರೆಬರೆ ಕಟ್ಟಿದ್ದ ವಿಮಾನದೊಳಗಿನ ಉದ್ದನೆಯ ಹಲಗೆಗೆ ಸ್ಪ್ಯಾನರ್ ಹಾಕಿ ಬೋಲ್ಟು ಬಿಚ್ಚುತ್ತಿದ್ದ. ಚಟ್ಟಕ್ಕೆ ಬಿದಿರು ತರಲು ಹೋದವರು ಬಂದಿರಲಿಲ್ಲ. ನಡುಮನೆಯಲ್ಲಿ ತಮ್ಮ ಸೇತುರಾಮನ ದೇಹ ದಕ್ಷಿಣಕ್ಕೆ ತಲೆಯಿಟ್ಟು ಮಲಗಿತ್ತು.

"ವಿಮಾನ ಕಟ್ತೀನಿ ಅಂತ ಎದೆ ಒಡ್ಕೊಂಡು ಹೋದ. ಇದರಿಂದ ಇಷ್ಟಾದ್ರೂ ಉಪಯೋಗ ಆಗ್ಲಿ," ಎಂದ.

"ಸೈಕಲ್ಲೇ ನೆಟ್ಟಗೆ ತುಳೀತಿರ್ಲಿಲ್ಲ ನಮ್ಮ ಸೇತು," ಎಂದರು ಪಕ್ಕದ ಮನೆಯ ಜಗನ್ನಾಥರಾಯರು. "ರಾಜಾಜಿನಗರದಿಂದ ಹಾರ್ತಾನಂತೆ."

ಯಾರೋ ನಕ್ಕು, ಸಾವಿನ ಮನೆಯೆಂದು ನೆನಪಾಗಿ ಕೆಮ್ಮಿದರು.

ಹಿತ್ತಲ ಬಾಗಿಲಿಗೆ ಸೇತುರಾಮನ ಹೆಂಡತಿ ಅನಂತಲಕ್ಷ್ಮಿ ಬಂದು ನಿಂತಳು.

"ಭಾವ, ಅದನ್ನ ಮುಟ್ಬೇಡಿ."

"ಹಲಗೆ ತಾನೇ ಅಮ್ಮ. ರಾಹುಕಾಲಕ್ಕೆ ಮುಂಚೆ ಹೊರಡ್ಬೇಕು."

"ಹೆಣ ಹೊರೋ ಹಲಗೆ ಅಲ್ಲ ಅದು."

*

ಸೇತುರಾಮನ ಮನೆಗೆ ಹಾಲು ಹಾಕುವವನು ಮಾರೇನಹಳ್ಳಿಯ ಮುನಿವೆಂಕಟಪ್ಪ. ಹಿಂದೊಮ್ಮೆ, ಹೆರಿಗೆ ಕಷ್ಟವಾದ ಅವನ ಹೆಂಡತಿಯನ್ನು ಜಟಕಾದಲ್ಲಿ ಆಸ್ಪತ್ರೆಗೆ ಕರೆದೊಯ್ದ ದಿನ ಸೇತುರಾಮನೂ ಜೊತೆಗಿದ್ದ. ಕಾಲು ಚಾಚಲು ಜಾಗವಿಲ್ಲದೆ, ಮುದುಡಿಕೊಂಡೇ ಅವಳು ದಾರಿಯಲ್ಲಿ ತೀರಿಕೊಂಡಳು.

ವಿಮಾನ ಕಾರ್ಖಾನೆಯಲ್ಲಿ ಪರರ ನಕ್ಷೆಗಳನ್ನು ತಿದ್ದುತ್ತಿದ್ದ ಸೇತುರಾಮ ಅಂದಿನಿಂದ ಮನೆಯಲ್ಲಿ ತನ್ನದೇ ವಿಮಾನದ ನಕ್ಷೆ ಬರೆಯತೊಡಗಿದ. ಅದರ ಬಿಡಿಭಾಗಗಳು ಪೆಟ್ಟಿಗೆಯಲ್ಲಿ ಹಳ್ಳಿಗೆ ಹೋಗಬೇಕು. ಊರ ಬಡಗಿಯೂ ಸೈಕಲ್ ಅಂಗಡಿಯವನೂ ಸೇರಿ ಜೋಡಿಸಿಕೊಳ್ಳಬೇಕು.

"ಗೊಬ್ಬರ, ಟಪಾಲು, ಏನು ಬೇಕಾದ್ರೂ ಹೊರಲಿ," ಎಂದಿದ್ದ ಹೆಂಡತಿಗೆ. "ಆದ್ರೆ ನಡೆಸೋನ ಹಿಂದೆ ಒಬ್ರು ಮಲಗೋಷ್ಟು ಜಾಗ ಬಿಟ್ಟೇ ಮಿಕ್ಕಿದ್ದು."

"ಬಾಲ ಉದ್ದ ಆಗಲ್ವೇ?"

"ಆಗ್ಲಿ. ಯಾರೂ ಕಾಲು ಮಡಚೋದು ಬೇಡ."

*

"ಇಷ್ಟು ದಿನ ನಮ್ಮನೇಲೇ ಕಾಫಿ ಕುಡಿದು ಅವರನ್ನ ನೋಡಿ ನಕ್ಕಿರಿ, ಸುಮ್ನಿದ್ದೆ," ಎಂದಳು ಅನಂತಲಕ್ಷ್ಮಿ. "ಬದುಕೋರನ್ನ ಮಲಗಿಸೋಕೆ ಮಾಡಿದ್ದು ಅದು. ಮೊದಲು ಹೆಣ ಮಲಗಿಸ್ತೀರಾ? ಅವರದ್ದೇ ಆದ್ರೂ ನಾನು ಬಿಡಲ್ಲ."

ವೆಂಕಟಗಿರಿ ಮತ್ತೆ ಸ್ಪ್ಯಾನರ್ ತಿರುಗಿಸಿದ. ಅವಳು ಸೆರಗು ಬಿಗಿದು, ರೆಕ್ಕೆ ಕೂಡಿಸದ ಆ ವಿಮಾನವನ್ನು ಹತ್ತಿ ಹಲಗೆಯ ಮೇಲೆ ಕೂತುಬಿಟ್ಟಳು. ಅವಳನ್ನು ಹಿಡಿದಿಳಿಸುವ ಧೈರ್ಯ ಯಾರಿಗೂ ಬರಲಿಲ್ಲ.

ಆಗಷ್ಟೇ ಸುದ್ದಿ ಕೇಳಿ ಓಡಿಬಂದಿದ್ದ ಮುನಿವೆಂಕಟಪ್ಪ ರುಮಾಲು ಬಿಚ್ಚಿ ಸೊಂಟಕ್ಕೆ ಸುತ್ತಿದ. "ಬಿದಿರಿಲ್ಲ ಅಂತ ನಂಗೊಂದು ಮಾತು ಯೋಳ್ಬಾರ್ದಾ ಸ್ವಾಮಿ? ನಮ್ಮ ತೋಟದಾಗೆ ಮೆಳೆನೇ ಐತೆ."

ಅವನು ಕಡಿದು ತಂದ ಹಸಿ ಬಿದಿರಿನ ಚಟ್ಟ ಸಿದ್ಧವಾಗುವಷ್ಟರಲ್ಲಿ ರಾಹುಕಾಲ ಬಂದು ಹೋಗಿತ್ತು.

"ಇಳಿಯಮ್ಮ, ಗಂಡನಿಗೆ ಪ್ರದಕ್ಷಿಣೆ ಮಾಡ್ಬೇಕು," ಎಂದರು ಪುರೋಹಿತರು.

"ನಾನು ಇಳಿದ್ರೆ ಇದನ್ನ ಬಿಚ್ತಾರೆ."

ಬೆಂಕಿಯ ಮಡಕೆ ಹಿಡಿದು ಚಟ್ಟದ ಮುಂದೆ ನಿಂತಿದ್ದ ವೆಂಕಟಗಿರಿ ಬೀದಿಯ ಕಡೆ ನೋಡಿದ, ಅವಳ ಕಡೆ ನೋಡಿದ. ಆಮೇಲೆ ಹಿತ್ತಲಿಗೆ ತಿರುಗಿದ. ಚಟ್ಟ ಹೊತ್ತವರು ಹಿಂದೆಯೇ ಬಂದರು. ಅವಳು ಕೂತ ವಿಮಾನವನ್ನು ಸುತ್ತು ಹಾಕುವಾಗ, ಬಟ್ಟೆ ಹೊದಿಸಿದ ಬಾಲಕ್ಕೆ ಕಿಡಿ ಹಾರದಂತೆ ಅವನು ಮಡಕೆಯನ್ನು ಆಚೆಯ ಕೈಗೆ ಬದಲಿಸಿಕೊಂಡ.