ಇಂಗ್ಲಿಷ್ ಹರಕೆ

ಕೊಳ್ಳೇಗಾಲ ದಾಟುವಷ್ಟರಲ್ಲೇ ಮೇಘನಾಳ ಹರಕೆ ದಾರಿಗೆಲ್ಲ ನಗೆಪಾಟಲಾಗಿತ್ತು. ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವವರಲ್ಲಿ ಕೆಲವರು ಚಪ್ಪಲಿ ಬಿಡುತ್ತಾರೆ, ಕೆಲವರು ಎಲೆಅಡಿಕೆ ಬಿಡುತ್ತಾರೆ. ಹೊನ್ನೂರಿನ ಈ ಸೊಸೆ ಕನ್ನಡವನ್ನೇ ಬಿಟ್ಟಿದ್ದಳು! ಬೆಟ್ಟ ಮುಟ್ಟುವ ತನಕ ಬಾಯಿ ತೆರೆದರೆ ಇಂಗ್ಲಿಷ್, ಇಲ್ಲವೇ ಮೌನ.

ಅವಳಿಗೇನೂ ಹುಚ್ಚಲ್ಲ. ಹೋದ ತಿಂಗಳು ಬಿಳಿಗಿರಿರಂಗನ ಬೆಟ್ಟದ ಒಂದು ರೆಸಾರ್ಟಿನಲ್ಲಿ ರಿಸೆಪ್ಷನ್ ಕೆಲಸಕ್ಕೆ ಸಂದರ್ಶನವಿತ್ತು. ಎಲ್ಲಿ ಓದಿದ್ದು ಎಂದು ಕೇಳಿದರು. ಕಾಲೇಜಿನ ಮುಂದೆ ‘ಇನ್’ ಹಾಕಬೇಕೋ ‘ಅಟ್’ ಹಾಕಬೇಕೋ, ‘ಸ್ಟಡಿ’ ಅನ್ನಬೇಕೋ ‘ಸ್ಟಡೀಡ್’ ಅನ್ನಬೇಕೋ ಎಂದು ಹುಡುಕುತ್ತಾ ಕೂತಳು. ಒಂದಕ್ಷರ ಹೊರಡಲಿಲ್ಲ. ನಮ್ಮ ಕನ್ನಡದಲ್ಲಾದರೆ ಪದದ ಬಾಲಕ್ಕೊಂದು ‘ಅಲ್ಲಿ’ ಅಂಟಿಸಿದರೆ ಮುಗಿಯಿತು. ಪುಣ್ಯಕ್ಕೆ ಸೋಮವಾರ ಮತ್ತೆ ಕರೆದಿದ್ದಾರೆ. ಈ ಸಲವೂ ಬಾಯಿ ಕಟ್ಟಿಹೋದರೆ ಕೆಲಸ ಬೇರೆಯವರ ಪಾಲು. ಅದಕ್ಕೇ ಈ ಹರಕೆ.

ಜೊತೆಗೆ ಹೊರಟ ಅತ್ತೆ ಶಿವನಂಜಮ್ಮನಿಗೆ ಇಂಗ್ಲಿಷಿನ ಗಂಧಗಾಳಿ ಇಲ್ಲ. ಆದರೂ ಸೊಸೆ ಪಿಸುಗುಟ್ಟಿದ್ದಕ್ಕೆಲ್ಲ ಹೂಂಗುಟ್ಟುತ್ತಾ ಬಂದರು.

"ಈವಮ್ಮಂಗೆ ಕನ್ನಡ ಬರಲ್ವಾ?" ಎಂದು ಟೀ ಅಂಗಡಿಯವನು ಕಿಸಕ್ಕೆಂದ.

"ಬತ್ತದೆ ಕಣಪ್ಪ, ಅರಕೆ ಒತ್ಕಂಡವ್ಳೆ. ನೀ ಟೀ ಕೊಡು," ಎಂದು ಅತ್ತೆ ಗದರಿದರು.

ಹನೂರಿನ ಹತ್ತಿರ ಬಿಸಿಲು ನೆತ್ತಿಗೇರಿತು. ಶಿವನಂಜಮ್ಮ ತಲೆಸುತ್ತಿ ರಸ್ತೆಯಂಚಿನಲ್ಲಿ ಕುಸಿದರು. ಮೇಘನಾಳ ಜೀವ ಬಾಯಿಗೆ ಬಂತು. ಇನ್ನೇನು ಕನ್ನಡದಲ್ಲಿ ಕೂಗಬೇಕು, ಅಷ್ಟರಲ್ಲಿ ಅತ್ತೆಯ ಕೈ ಅವಳ ಬಾಯಿ ಮುಚ್ಚಿತು.

"ಅರಕೆ ಮುರೀಬ್ಯಾಡ ಕಣವ್ವ. ಇಂಗ್ಲೀಸ್ನಲ್ಲೇ ಕೂಗು!"

"ಹೆಲ್ಪ್! ಮೈ ಮದರ್ ಈಸ್ ಫಾಲ್! ಗಿವ್ ವಾಟರ್ ಫಾರ್ ಹರ್!"

ಸರಿಯಾದ ಪದ ಹುಡುಕಲು ಪುರುಸೊತ್ತೆಲ್ಲಿತ್ತು? ಗಂಟಲು ಹರಿಯುವಂತೆ ಕೂಗಿದಳು. ನಡೆಯುತ್ತಿದ್ದವರೆಲ್ಲ ನೆರೆದರು. ಎಳನೀರಿನ ಗಾಡಿಯವನು ಓಡಿಬಂದು ಒಂದು ಕಾಯಿ ಕೆತ್ತಿಕೊಟ್ಟ.

ಎರಡು ಗುಟುಕು ಒಳಗೆ ಹೋದ ಮೇಲೆ ಅತ್ತೆಯ ಮುಖಕ್ಕೆ ಕಳೆ ಬಂತು.

"ಸರ್ಯಾಗಿ ಕೂಗ್ದ್ಯಾ?"

ಮೇಘನಾ ಕಣ್ಣೊರೆಸಿಕೊಳ್ಳುತ್ತಾ ಇಲ್ಲವೆಂದು ತಲೆಯಾಡಿಸಿದಳು.

ಶಿವನಂಜಮ್ಮ ಎಳನೀರನ್ನು ತುಟಿಯಿಂದ ಇಳಿಸಿ ಮಡಿಲಲ್ಲಿಟ್ಟುಕೊಂಡರು. "ಅಂಗಾದ್ರೆ ಸರಿ ಮಾಡಿ ಕೂಗು. ಆಮ್ಯಾಕೆ ಮಿಕ್ಕಿದ್ದ ಕುಡೀತೀನಿ."

ಅಷ್ಟೂ ಜನ ಅವಳ ಮುಖವನ್ನೇ ನೋಡುತ್ತಿದ್ದರು. ನಾಚಿಕೆ ಆಯಿತು, ಆದರೆ ಹಿಂದೆಗೆಯಲಿಲ್ಲ.

"ಮೈ ಮದರ್ ಹ್ಯಾಸ್ ಫಾಲನ್. ಪ್ಲೀಸ್ ಗಿವ್ ವಾಟರ್ ಟು ಹರ್."

"ಇನ್ನೂ ಜೋರಾಗಿ ಕೂಗವ್ವ," ಎಂದರು ಅತ್ತೆ. "ಬಿಳಿಗಿರಿರಂಗನ ಬೆಟ್ಟುಕ್ ಕೇಳ್ಬೇಕು."