ಬಾಗಿಲ ಬಳಿಯ ಗೆಡ್ಡೆ

ಚಳಿ ಇನ್ನೂ ಗಂಟುಮೂಟೆ ಕಟ್ಟಿರಲಿಲ್ಲ. ಬೆಳಿಗ್ಗೆ ಹಿತ್ತಲಿಗೆ ಕಾಲಿಟ್ಟರೆ ನೆಲ ಕಲ್ಲಿನಂತೆ ಗಡುಸಾಗಿರುತ್ತಿತ್ತು. ಅಂಥದೊಂದು ಭಾನುವಾರ ಸೊಸೆ ಅಡುಗೆಮನೆಗೆ ಬಂದಾಗ, ಮೆಟ್ಟಿಲ ಕೆಳಗಿನ ಕತ್ತಲೆಯಲ್ಲಿ ಇರಬೇಕಾದ ಮರದ ಪೆಟ್ಟಿಗೆ ಊಟದ ಮೇಜಿನ ಮೇಲೆ ಕೂತಿತ್ತು. ಅತ್ತೆ ಅದಕ್ಕೆ ಬೆನ್ನು ಹಾಕಿ, ಇನ್ನೂ ಕುದಿಯದ ಹಾಲನ್ನು ಕಣ್ಣು ಕೀಳದೆ ನೋಡುತ್ತ ನಿಂತಿದ್ದರು.

"ಅತ್ತೆ, ಇದನ್ನ ಯಾರು ಇಲ್ಲಿಟ್ರು?"

"ಕಾಲು ಬಂತು, ಅದೇ ನಡ್ಕೊಂಡು ಬಂತು," ಎಂದರು ಅತ್ತೆ. ಆಮೇಲೆ ಹಾಲಿಗೇ ಹೇಳುವಂತೆ, "ಈ ಹೊತ್ತಿಗೆ ಅವನು ತೆಗೀತಿದ್ನಲ್ಲ."

ಆ ಮನೆಯಲ್ಲಿ 'ಅವನು' ಅಂದರೆ ಒಬ್ಬನೇ. ಅತ್ತೆಯ ಮಗ, ಇವಳ ಗಂಡ. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವುದು ಅವನ ಕೆಲಸ. ಅಂಗಡಿ ಮುಚ್ಚಿದ ಮೇಲೆ ಡೇಲಿಯಾದ ಹುಚ್ಚು. ಹೋದ ವರ್ಷ ಹಿತ್ತಲಲ್ಲಿ ಹೂವು ತುಂಬಿ ನಿಂತಿದ್ದಾಗಲೇ ಮಲಗಿದ. ಜ್ವರ ಅಂದುಕೊಂಡದ್ದು ಬರಿಯ ಜ್ವರವಾಗಿರಲಿಲ್ಲ. ಹೂವು ಮುಗಿಯುವ ಮೊದಲೇ ಅವನು ಮುಗಿದ.

ಹೂಗಾಲ ಕಳೆದು ಗಿಡ ಕಪ್ಪಾದ ಮೇಲೆ ಗೆಡ್ಡೆಗಳನ್ನು ಅಗೆದು, ಒಣಗಿಸಿ, ಮರದ ಹೊಟ್ಟಿನಲ್ಲಿ ಮಲಗಿಸಬೇಕು. ಆ ವರ್ಷ ಯಾರಿಗೂ ಅದು ನೆನಪಾಗಲಿಲ್ಲ; ನೆನಪಾದರೂ ಕೈ ಏಳಲಿಲ್ಲ. ಪಕ್ಕದ ಮನೆಯ ಟೈಲರಮ್ಮ ಬಂದು, "ನೆಲದಲ್ಲೇ ಬಿಟ್ರೆ ಚಳಿ ತಿಂದು ತೇಗುತ್ತೆ, ಏಳಿ!" ಎಂದು ಗದರಿ ತಾವೇ ಗುದ್ದಲಿ ಹಿಡಿದಾಗ ಹೊತ್ತು ಮೀರಿತ್ತು. ಸಿಕ್ಕಿದ್ದನ್ನೆಲ್ಲ ಪೆಟ್ಟಿಗೆಗೆ ತುಂಬಿದರು. ಹಿತ್ತಿಲ ಬಾಗಿಲ ಬಳಿ ಇದ್ದ ಗಿಡದ ಗೆಡ್ಡೆಗೆ ಮಾತ್ರ ಟೈಲರಮ್ಮ ಗುರುತಿಗೆಂದು ಕೆಂಪು ದಾರ ಕಟ್ಟಿದ್ದರು.

ಈಗ ಸೊಸೆ ಹೊಟ್ಟಿನೊಳಗೆ ಕೈಯಾಡಿಸಿದಳು. ಒಂದು ಗೆಡ್ಡೆ ಪುಡಿಯಾಯಿತು. ಇನ್ನೊಂದು ಹಳೆಯ ಕೈಚೀಲದಂತೆ ಟೊಳ್ಳು. ತೆಗೆದದ್ದೆಲ್ಲ ಹಾಗೇ. ಅತ್ತೆ ಹಾಲು ಬಿಟ್ಟು ಬಂದು ನಿಂತಿದ್ದರು. ಕೊನೆಗೆ ಪೆಟ್ಟಿಗೆಯ ಮೂಲೆಯಲ್ಲಿ ಬೆರಳಿಗೆ ದಾರ ಸಿಕ್ಕಿತು. ಸುಕ್ಕುಗಟ್ಟಿದ, ಬಡಕಲು ಗೆಡ್ಡೆ. ಆದರೆ ಒತ್ತಿದರೆ ಗಟ್ಟಿ.

ಮೇಜಿನ ಡ್ರಾಯರಿನಿಂದ ಅವನ ಭೂತಗನ್ನಡಿ ತೆಗೆದು, ಅವನು ನೋಡುತ್ತಿದ್ದ ಹಾಗೆ ಗೆಡ್ಡೆಯ ಕುತ್ತಿಗೆಯ ಸುತ್ತ ನೋಡಿದಳು. ಮೊಳಕೆ ಬರುವುದು ಅಲ್ಲಿಂದ ಮಾತ್ರ. ಮೈ ಎಷ್ಟೇ ದಪ್ಪಗಿದ್ದರೂ ಕುತ್ತಿಗೆಯಲ್ಲಿ ಕಣ್ಣಿಲ್ಲದ ಗೆಡ್ಡೆ ಕುರುಡು. ಎಳ್ಳಿನಷ್ಟು ಒಂದು ಉಬ್ಬು ಕಂಡಿತು.

"ಇದೆ," ಎಂದಳು.

"ಬಾಗಿಲದೇ ತಾನೇ?"

"ಬಾಗಿಲದೇ."

ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಳ್ಳುವಷ್ಟರಲ್ಲಿ ಹಾಲು ಉಕ್ಕಿ ಒಲೆಯೆಲ್ಲ ಹರಿದಿತ್ತು.

ಬಾಗಿಲದಕ್ಕೆ ಬೇರೆ ಹೆಸರಿರಲಿಲ್ಲ. ಉಳಿದ ಡೇಲಿಯಾಗಳನ್ನು ಅವನು ಎಲ್ಲೆಲ್ಲಿಂದಲೋ ಬೇಡಿ ತಂದವನು. ಇದು ಮಾತ್ರ ಉದುರಿದ ಬೀಜದಿಂದ, ಯಾರನ್ನೂ ಕೇಳದೆ ಹಿತ್ತಿಲ ಬಾಗಿಲ ಪಕ್ಕ ತಾನೇ ಹುಟ್ಟಿಕೊಂಡಿತ್ತು. ಬೀಜದ ಡೇಲಿಯಾ ತಾಯಿಯಂತೆ ಇರುವುದಿಲ್ಲ. ಅದರ ದಾರಿ ಅದಕ್ಕೆ. ಅದೇ ಬಣ್ಣದ ಇನ್ನೊಂದು ಹೂವು ಬೇರೆಲ್ಲೂ ಇರಲಿಕ್ಕಿಲ್ಲ. ಈ ಗೆಡ್ಡೆ ಹೋದರೆ ಅದು ಹೋದಂತೆಯೇ.

ಮದುವೆಯ ಹೊಸದರಲ್ಲಿ ಅದರ ಬಣ್ಣಕ್ಕೆ ಗಂಡ ಹೆಂಡತಿಯ ನಡುವೆ ಪಂದ್ಯ ನಡೆದಿತ್ತು. ಅವಳದು ಬಟ್ಟೆ ಗಿರಣಿಯ ಬಣ್ಣದ ಕೋಣೆಯಲ್ಲಿ ಕೆಲಸ. ಗಿರಾಕಿ ಒಂದು ಚಿಂದಿ ತಂದು ಇದೇ ಬಣ್ಣ ಬೇಕು ಅಂದರೆ, ಅದನ್ನು ಬೆರೆಸಿ ಹುಟ್ಟಿಸಿಕೊಡುವವಳು ಅವಳು. "ಹಾಗಾದ್ರೆ ಇದನ್ನ ಮಾಡಿ ತೋರಿಸು ನೋಡೋಣ," ಎಂದು ಅವನು ಎಸಳೊಂದನ್ನು ಟಿಫಿನ್ ಡಬ್ಬಿಯ ಮುಚ್ಚಳದಲ್ಲಿಟ್ಟು ಕಳಿಸಿದ್ದ. ತಾಮ್ರವೆಂದರೆ ತಾಮ್ರವಲ್ಲ, ಕೆಂಪೆಂದರೆ ಕೆಂಪಲ್ಲ. ಬುಡದಲ್ಲಿ ಯಾರೋ ಒಳಗೆ ದೀಪ ಹಚ್ಚಿದಂತೆ. ಅವಳು ಹಳದಿ ಹೆಚ್ಚಿಸಿದಳು, ಕಂದು ಸೇರಿಸಿದಳು. ಮಧ್ಯಾಹ್ನದ ಹೊತ್ತಿಗೆ ಎಸಳೇ ಬಾಡಿ ಬೇರೆ ಬಣ್ಣವಾಗಿತ್ತು. ಪ್ರತಿ ವರ್ಷ ಸೋತಳು. ಪ್ರತಿ ವರ್ಷ ಅವನು, "ಮುಂದಿನ ವರ್ಷ ಇದೆಯಲ್ಲ," ಎಂದು ನಕ್ಕ. ಫೋಟೋಗಳಲ್ಲಿ ಅದು ಬರಿಯ ಕೆಂಪು ಹೂವು. ಈಚೆಗೆ ಅವಳು ಕಣ್ಣು ಮುಚ್ಚಿದರೂ ಅದು ಫೋಟೋದ ಕೆಂಪಾಗಿಯೇ ಕಾಣುತ್ತಿತ್ತು. ಅದಕ್ಕೇ ಅವಳಿಗೆ ದಿಗಿಲು. ಇನ್ನೊಂದು ಸಲ ಕಣ್ಣಾರೆ ನೋಡದಿದ್ದರೆ ಪೂರ್ತಿ ಮರೆತುಬಿಡುತ್ತೇನೆ ಎಂದು. ಅತ್ತೆಗೆ ಹೇಳಿರಲಿಲ್ಲ. ಅತ್ತೆ ಸೊಸೆಯರು ಈಗ ಉಪ್ಪು, ಹಾಲು, ಬಾಗಿಲ ಚಿಲಕದ ವಿಷಯ ಬಿಟ್ಟು ಬೇರೇನೂ ಮಾತಾಡುತ್ತಿರಲಿಲ್ಲ.

ಗೆಡ್ಡೆಯನ್ನು ಅಗಲ ಬಾಯಿಯ ಕುಂಡದಲ್ಲಿ, ಮುಷ್ಟಿ ಹಿಡಿದರೆ ಉಂಡೆಯಾಗಿ ಬಿಟ್ಟರೆ ಉದುರುವಷ್ಟೇ ತೇವದ ಮಣ್ಣಿನಲ್ಲಿ, ಕುತ್ತಿಗೆ ಮೇಲೆ ಕಾಣುವಂತೆ ಮಲಗಿಸಿದಳು. ಒಲೆಯ ಬಿಸಿಯೂ ಕಿಟಕಿಯ ಬೆಳಕೂ ತಾಗುವ ಕಟ್ಟೆಯ ಮೇಲೆ ಇಟ್ಟಳು. ಇನ್ನು ಸುಮ್ಮನಿರಬೇಕು. ಮೊಳಕೆ ಕಾಣುವತನಕ ನೀರಿಲ್ಲ. "ನಿದ್ದೇಲಿರೋರ ಬಾಯಿಗೆ ನೀರು ಹಾಕ್ತಾರಾ?" ಎನ್ನುತ್ತಿದ್ದ ಅವನು.

ಹಾಗೆನ್ನಲು ಕಾರಣವಿತ್ತು. ಇವಳು ಈ ಮನೆಗೆ ಬಂದ ಮೊದಲ ವರ್ಷ ಬೆಳಿಗ್ಗೆ ಅತ್ತೆ, ಸಂಜೆ ಸೊಸೆ, ಒಬ್ಬರಿಗೊಬ್ಬರು ಗೊತ್ತಿಲ್ಲದೆ ನೀರೆರೆದು ಸಾಲು ಕುಂಡಗಳನ್ನೇ ಕೊಳೆಸಿದ್ದರು. ಅವನು ಬೈಯಲಿಲ್ಲ, ಕಾನೂನು ಮಾಡಿದ. ನೀರೆರೆಯಲು ಒಂದೇ ಕ್ಯಾನು, ಉದ್ದ ಮೂತಿಯ ತಗಡಿನದು. ನೀರು ಹಾಕಿದವರು ಅದರ ಮೂತಿಯನ್ನು ಗೋಡೆಗೆ ತಿರುಗಿಸಿಡಬೇಕು. ಮಣ್ಣು ಒಣಗಿದ್ದು ಕಂಡವರು ಕಿಟಕಿಗೆ ತಿರುಗಿಸಬೇಕು. ಮೂತಿ ಗೋಡೆಗಿದ್ದರೆ ಯಾರೂ ಮುಟ್ಟಕೂಡದು. "ಕ್ಯಾನಿನ ಮೂತಿ ತಿರುಗಿಸಿ, ನಿಮ್ಮ ಮೂತಿ ಬೇಡ," ಎಂದು ಅತ್ತೆ ಸೊಸೆಯರನ್ನು ಛೇಡಿಸುತ್ತಿದ್ದ. ಆಮೇಲೆ ಎಂದೂ ಗೆಡ್ಡೆ ಕೊಳೆಯಲಿಲ್ಲ.

ಅವನನ್ನು ಆಸ್ಪತ್ರೆಗೆ ಕರೆದೊಯ್ದ ಬೆಳಿಗ್ಗೆಯೂ ಅವನೇ ನೀರು ಹಾಕಿ ಮೂತಿ ತಿರುಗಿಸಿಟ್ಟಿದ್ದ. ಮತ್ತೆ ಅದನ್ನು ಯಾರೂ ತಿರುಗಿಸುವುದು ಬೇಡವೆಂದು ಅವಳು ಆ ಕ್ಯಾನನ್ನು ಅಟ್ಟಕ್ಕೆ ಏರಿಸಿದ್ದಳು.

ಈಗ ಕಟ್ಟೆಯ ಮೇಲೆ ಕುಂಡವಿತ್ತು, ಕ್ಯಾನಿರಲಿಲ್ಲ.

ಇಬ್ಬರೂ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದರು. ಕಾಯುತ್ತಿಲ್ಲವೆಂಬಂತೆ ಕಾದರು. ಅತ್ತೆ ಸಾರಿಗೆ ಉಪ್ಪು ನೋಡುವ ನೆಪದಲ್ಲಿ ಕುಂಡ ನೋಡುವರು. ಸೊಸೆ ಕಿಟಕಿ ಮುಚ್ಚುವ ನೆಪದಲ್ಲಿ. ಒಂದು ಬೆಳಿಗ್ಗೆ ಕುತ್ತಿಗೆಯ ಮೇಲೆ ಕಡು ನೇರಳೆ ಮೊಳಕೆ ಮೂಗು ತೂರಿಸಿತ್ತು. ಟೈಲರಮ್ಮ ಕೊರಳಲ್ಲಿ ಅಳತೆಪಟ್ಟಿ ಸಮೇತ ಓಡಿಬಂದರು.

"ಅಯ್ಯೋ, ನಿಮ್ಮ ಮಗನ ಮೂಗೇ ಕಣಮ್ಮಾ!"

"ಸಾಕು ಸುಮ್ನಿರು. ನನ್ನ ಮಗನ ಮೂಗು ನೇರಳೆ ಇರಲಿಲ್ಲ," ಎಂದರು ಅತ್ತೆ. ಎಷ್ಟೋ ತಿಂಗಳ ಮೇಲೆ ಆ ಅಡುಗೆಮನೆಯಲ್ಲಿ ನಗು ಕೇಳಿತು.

ಮೊಳಕೆ ಬೆಳೆಯಿತು, ಎಲೆ ಬಿಚ್ಚಿತು. ಆಮೇಲೊಂದು ದಿನ ಎಲೆಗಳು ಜೋತುಬಿದ್ದವು. ಮರುದಿನ ಇನ್ನಷ್ಟು. ಸೊಸೆ ಕೆಲಸದಿಂದ ಬಂದವಳು ಚಪ್ಪಲಿ ಬಿಡುವುದನ್ನೂ ಮರೆತು ಕುಂಡದ ಮುಂದೆ ನಿಂತಳು. ರವಿಕೆ ಅಳತೆಗೆ ಬಂದಿದ್ದ ಟೈಲರಮ್ಮ ಮೂಗು ಸೊಟ್ಟಗೆ ಮಾಡಿದರು.

"ಏನೋ ಹುಳಿ ವಾಸನೆ ಬರ್ತಿದೆಯಲ್ಲ. ಮಣ್ಣು ನೋಡಿದ್ರೆ ಕೆಸರು. ಯಾರು ಇಷ್ಟು ನೀರು ಸುರಿದಿದ್ದು?"

"ನಾನಲ್ಲಪ್ಪ," ಎಂದರು ಇಬ್ಬರೂ ಒಟ್ಟಿಗೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

ಟೈಲರಮ್ಮ ಸೊಂಟದ ಮೇಲೆ ಕೈಯಿಟ್ಟು ಇಬ್ಬರನ್ನೂ ನೋಡಿದರು.

"ಒಂದೇ ಒಂದು ಗುಟುಕು," ಎಂದಳು ಸೊಸೆ ಕೊನೆಗೆ. "ಬೆಳಿಗ್ಗೆ, ಹೊರಡೋ ಮುಂಚೆ. ಲೋಟದಲ್ಲಿ. ದಿನಾ."

ಅತ್ತೆ ನೆಲ ನೋಡಿದರು. "ನಾನು ಮಧ್ಯಾಹ್ನ. ಅದೇ ಲೋಟ."

"ಇಬ್ಬರು ತಾಯಂದಿರು, ಒಂದು ಕೂಸು!" ಎಂದರು ಟೈಲರಮ್ಮ. "ಹೊಟ್ಟೆ ಕೆಡದೆ ಇನ್ನೇನಾಗುತ್ತೆ? ಮೊಳಕೆ ಬರೋ ಮುಂಚಿಂದಾನಾ?"

ಇಬ್ಬರೂ ತಲೆಯಾಡಿಸಿದರು.

"ಗೊತ್ತಿತ್ತು ಕಣೇ," ಎಂದರು ಅತ್ತೆ, ಸೊಸೆಯನ್ನೇ ನೋಡುತ್ತ. "ಹಾಕಬಾರದು ಅಂತ ಅವನು ಹೇಳ್ತಿದ್ದದ್ದು ಗೊತ್ತಿತ್ತು. ಆದ್ರೆ ಕೊನೇಲಿ ನೀರು ಕೇಳಿದ್ನಲ್ಲ. ಡಾಕ್ಟ್ರು ಕೊಡಬೇಡಿ ಅಂದಿದ್ರು. ನಾನು ಕೊಡಲಿಲ್ಲ."

"ನಾನೂ ಕೊಡಲಿಲ್ಲ, ಅತ್ತೆ."

ಟೈಲರಮ್ಮ ಕೊರಳಿನ ಅಳತೆಪಟ್ಟಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು.

ಸೊಸೆ ಕುಂಡವನ್ನು ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸಿ ಬೋರಲು ಹಾಕಿದಳು. ಗೆಡ್ಡೆಯ ಮುಕ್ಕಾಲು ಪಾಲು ಬೆರಳಿಗೆ ಅಂಟುವ ಗಂಜಿಯಾಗಿತ್ತು. ಕುತ್ತಿಗೆಯ ಹತ್ತಿರ ಮಾತ್ರ ಒಂದು ಚೂರು ಬೆಳ್ಳಗೆ ಉಳಿದಿತ್ತು. ಕೊಳೆ ಅದರ ಅಂಚಿಗೆ ಬಂದು ನಿಂತಿತ್ತು. ಭೂತಗನ್ನಡಿ ಹಿಡಿದು ನೋಡಿದಳು. ಏನು ಮಾಡಬೇಕೆಂದು ಗೊತ್ತಿತ್ತು. ಪ್ರತಿ ವರ್ಷ ಅವನು ಮಾಡುವಾಗ ಅವಳು ಮುಖ ಆಚೆ ತಿರುಗಿಸುತ್ತಿದ್ದಳು.

ಚೆನ್ನಾಗಿರುವ ಗೆಡ್ಡೆಯಿಂದಲೂ ಅವನು ಮೊದಲ ಚಿಗುರನ್ನು ಕತ್ತರಿಸಿ ಬೇರೆ ಊರುತ್ತಿದ್ದ, ಒಂದು ಗಿಡ ಎರಡಾಗಲಿ ಎಂದು. "ಅಯ್ಯೋ, ಈಗ ತಾನೇ ಕಣ್ಣು ಬಿಟ್ಟಿದೆ!" ಎಂದು ಅವಳು ಗೋಳಾಡುವಳು. ಅವನು ಬ್ಲೇಡನ್ನು ಉರಿಯಲ್ಲಿ ಕಾಯಿಸಿ ಆರಿಸಿ, ಸರಕ್ಕನೆ ಎಳೆದು, "ಅದಕ್ಕೆ ನೋವಿಲ್ಲ ಮಾರಾಯ್ತಿ. ನಿಂಗೆ ಮಾತ್ರ," ಎನ್ನುವನು.

"ಚಿಗುರನ್ನ ಕತ್ತರಿಸಬೇಕು," ಎಂದಳು.

"ಏನು?" ಅತ್ತೆ ಮೇಜಿಗೆ ಅಡ್ಡ ಬಂದರು. "ಇರೋದೊಂದು. ಅದನ್ನೂ ಕತ್ತರಿಸ್ತೀಯಾ? ಒಣ ಮಣ್ಣಲ್ಲಿಡು, ಸರಿಹೋಗುತ್ತೆ."

"ಇಟ್ರೆ ನಾಳೆ ಕೊಳೆ ಮೇಲೆ ಏರುತ್ತೆ, ಅತ್ತೆ. ಆಮೇಲೆ ಕತ್ತರಿಸೋಕೂ ಏನೂ ಇರಲ್ಲ."

"ಬೇರಿಲ್ಲದೆ ಅದು ಹೇಗೆ ಬದುಕುತ್ತೆ?"

"ಬದುಕ್ತಿತ್ತಲ್ಲ. ಅವರು ಮಾಡ್ತಿದ್ರಲ್ಲ."

"ಅವನ ಕೈ ಬೇರೆ!"

ಅವನ ಕೈ ಬೇರೆಯೇ. ಕೂದಲೆಳೆಯಷ್ಟು ಹೆಚ್ಚು ಉಜ್ಜಿದರೆ ಹಾಳಾಗುವ ಗಾಜಿನ ಮೇಲೆ ಪಳಗಿದ ಕೈ. ಅವಳು ಅತ್ತೆಯ ಮುಖ ನೋಡುತ್ತ ನಿಂತಳು. ಟೈಲರಮ್ಮ ಸೊಂಟದ ಚೀಲದಿಂದ ಹೊಲಿಗೆ ಬಿಚ್ಚುವ ಹೊಸ ಬ್ಲೇಡು ತೆಗೆದು ಮೇಜಿನ ಮೇಲಿಟ್ಟರು.

ಅತ್ತೆ ಬಹಳ ಹೊತ್ತು ಆ ಬ್ಲೇಡನ್ನು ನೋಡಿದರು. ಆಮೇಲೆ ಅದನ್ನು ಎತ್ತಿಕೊಂಡು ಹೋಗಿ ಒಲೆಯ ಉರಿಗೆ ಹಿಡಿದು, ಆರಿಸಿ ತಂದು ಸೊಸೆಯ ಕೈಗೆ ಕೊಟ್ಟರು. ಭೂತಗನ್ನಡಿಯನ್ನು ತಾವೇ ಹಿಡಿದರು.

"ಬಿಳೀದು ಸ್ವಲ್ಪ ಸೇರಿಸ್ಕೊಂಡು ತೆಗಿ," ಎಂದರು. "ಹಿಮ್ಮಡಿ ಬಿಟ್ಟು ಪಾದ ಕೊಯ್ಬೇಡ ಅಂತಿದ್ದ."

ತಾನು ಮುಖ ತಿರುಗಿಸಿದಾಗೆಲ್ಲ ಅತ್ತೆ ನೋಡುತ್ತಿದ್ದರು ಎಂದು ಅವಳಿಗೆ ಈಗಷ್ಟೇ ಗೊತ್ತಾಯಿತು. ಬ್ಲೇಡನ್ನು ಸರಕ್ಕನೆ ಎಳೆದಳು. ಚಿಗುರು ಅಂಗೈಗೆ ಬಿತ್ತು. ಬುಡಕ್ಕೆ ಉಗುರಿನಷ್ಟು ಬಿಳಿಯ ಹಿಮ್ಮಡಿ. ಏನೂ ತೂಕವಿರಲಿಲ್ಲ.

ತೊಳೆದ ಮರಳಿನಲ್ಲಿ ಅದನ್ನು ಊರಿ, ದೊಡ್ಡ ಎಲೆಯನ್ನು ಕಿತ್ತು, ಮೇಲೆ ಗಾಜಿನ ಜಾಡಿ ಬೋರಲು ಮುಚ್ಚಿದರು. ಕೊಳೆತ ಗೆಡ್ಡೆಯನ್ನು ಸೊಸೆ ಹಿತ್ತಿಲ ಬಾಗಿಲ ಪಕ್ಕ, ಅದು ಹುಟ್ಟಿದಲ್ಲೇ ಹೂಳಿ ಬಂದಳು. ಕೆಂಪು ದಾರವನ್ನು ಟೈಲರಮ್ಮ ಜಾಡಿಯ ಕುತ್ತಿಗೆಗೆ ಕಟ್ಟಿ, ಅಳತೆ ತೆಗೆಯುವುದನ್ನು ಮರೆತೇ ಮನೆಗೆ ಹೋದರು.

"ಇನ್ನು ನೀರು ಯಾರು ಹಾಕೋದು?" ಎಂದರು ಅತ್ತೆ.

ಸೊಸೆ ತಲೆಯೆತ್ತಿ ಅಟ್ಟದ ಕಡೆ ನೋಡಿದಳು.

"ನಂಗೆ ಅಟ್ಟ ಹತ್ತಕ್ಕಾಗಲ್ಲ ಕಣಮ್ಮಾ."

ಅವಳು ಸ್ಟೂಲು ಹಾಕಿ ಹತ್ತಿದಳು. ಕ್ಯಾನು ಇಟ್ಟ ಹಾಗೇ ಇತ್ತು, ಮೂತಿ ಗೋಡೆಗೆ. ಮೇಲೆ ದೂಳು ಕೂತಿತ್ತು, ಹಿಡಿಯ ಮೇಲೂ. ಒರೆಸದೆ ಹಾಗೇ ಹಿಡಿದು ಸ್ವಲ್ಪ ಹೊತ್ತು ನಿಂತಳು. ಕೆಳಗೆ ಅತ್ತೆ ಸ್ಟೂಲನ್ನು ಎರಡೂ ಕೈಯಿಂದ ಹಿಡಿದಿದ್ದರು. "ಇಳಿಯೇ, ನನ್ನ ಕೈ ಸೋಲ್ತಿದೆ," ಎನ್ನುವತನಕ ಇಳಿಯಲಿಲ್ಲ.

ಕಟ್ಟೆಯ ಮೇಲೆ ಇಟ್ಟಾಗಲೂ ಮೂತಿ ಗೋಡೆಗೇ. ಮರಳು ಒದ್ದೆಯಿತ್ತು, ತಿರುಗಿಸಲು ಕಾರಣವಿರಲಿಲ್ಲ. ಜಾಡಿಯ ಒಳಗೆ ಹಬೆಯ ಹನಿ ಕೂತು ಚಿಗುರು ಕಾಣದಂತಾಯಿತು. ಆ ದಿನಗಳಲ್ಲಿ ಅವರು ಮಾತಾಡಿದರು. ಬಣ್ಣ ಮರೆತುಹೋಗುತ್ತಿದೆ ಎಂದು ಸೊಸೆ ಹೇಳಿದಳು.

"ಮರೆಯೋದೇನು, ಕಿತ್ತಳೆ ಬಣ್ಣ," ಎಂದರು ಅತ್ತೆ.

"ಕಿತ್ತಳೆನಾ? ತಾಮ್ರ, ಅತ್ತೆ."

"ಬಣ್ಣದ ಕೋಣೇಲಿ ಕೂತು ಕಣ್ಣು ಕೆಡಿಸ್ಕೊಂಡಿದೀಯ. ಕಿತ್ತಳೆ."

ಸೊಸೆಗೆ ಸಿಟ್ಟು ಬಂತು. ಸಿಟ್ಟು ಬಂದದ್ದಕ್ಕೆ ಆಶ್ಚರ್ಯವೂ ಆಯಿತು. ಎಷ್ಟೋ ದಿನಗಳಿಂದ ಏನೂ ಬಂದಿರಲಿಲ್ಲ. ಇಬ್ಬರೂ ಊಟ ಮುಗಿಯುವತನಕ ಜಗಳವಾಡಿದರು.

ಚಳಿ ಒಂದೊಂದೇ ಹೆಜ್ಜೆ ಹಿಂದೆ ಸರಿಯಿತು. ಒಂದು ಬೆಳಿಗ್ಗೆ ಅವಳು ಕೆಲಸಕ್ಕೆ ಹೊರಡುವ ಮೊದಲು ಜಾಡಿ ಎತ್ತಿದಳು. ಚಿಗುರು ನೆಟ್ಟಗೆ ನಿಂತಿತ್ತು. ನಡುವಿನಿಂದ, ತಾವು ಊರಿದಾಗ ಇಲ್ಲದ ಪುಟ್ಟ ಎಲೆಜೋಡಿಯೊಂದು ಅಂಗೈ ಜೋಡಿಸಿದಂತೆ ಎದ್ದಿತ್ತು. ಎಳೆದು ನೋಡಬಾರದು, ಹೊಸ ಎಲೆ ಬಂದರೆ ಬೇರು ಬಂದ ಹಾಗೆಯೇ ಎನ್ನುತ್ತಿದ್ದ ಅವನು. ಅವಳು ಎಳೆಯಲಿಲ್ಲ.

"ಅತ್ತೆ," ಎಂದು ಕೂಗಿದಳು.

ಅತ್ತೆ ಒದ್ದೆ ಕೈಯಲ್ಲೇ ಬಂದು ನೋಡಿದರು. ಮುಟ್ಟಲು ಹೋಗಿ ಕೈ ಹಿಂದೆಗೆದುಕೊಂಡರು. ಆಮೇಲೆ ಕಿರುಬೆರಳನ್ನು ಮರಳಿಗೆ ಒತ್ತಿದರು.

"ಒಣಗಿದೆ," ಎಂದರು. "ಹೂಂ. ಏನು ನೋಡ್ತೀಯ? ತಿರುಗಿಸು."

ಅವಳು ಕ್ಯಾನಿನ ಮೂತಿಯನ್ನು ಕಿಟಕಿಯ ಕಡೆಗೆ ತಿರುಗಿಸಿದಳು.