ದಾಟಿ ಬಂದ ದನಗಳು

ಚಟ್ಟದ ಗಂಟು ಬಿಗಿಯುತ್ತಿದ್ದ ಹೂವಯ್ಯನ ಕೈಯಿಂದ ಬೆಳ್ಳಮ್ಮ ಹಗ್ಗ ಕಿತ್ತುಕೊಂಡಳು.

"ಇದು ಆಮೇಲೆ. ಮೊದ್ಲು ಹಳೇ ಊರಿನ ಗುಡ್ಡದ ಮೇಲಿರೋ ದನಾನ ದಾಟ್ಸಿ ತರ್ಬೇಕು."

ಅಂಗಳದಲ್ಲಿದ್ದವರೆಲ್ಲ ಅವಳತ್ತ ತಿರುಗಿದರು. ಜಟ್ಟಿಂಗಪ್ಪ ಸತ್ತನೆಂಬುದನ್ನೇ ಇನ್ನೂ ನಂಬಲಾಗದೆ ಕೂತವರು ಅವರು. ಈಗ ಅವನ ಹೆಂಡತಿಯೇ ಹೀಗೆ.

"ತಲೆ ನೆಟ್ಟಗಿದ್ಯಾ ತಂಗಿ?" ಎಂದ ಊರಿನ ಹಿರಿಯ ಹೂವಯ್ಯ. "ಹೆಣ ಎತ್ತೋ ತನಕ ಊರಲ್ಲಿ ಒಲೇನೇ ಹಚ್ಚಲ್ಲ. ನೀನು ದೋಣಿ ಇಳಿಸು ಅಂತೀಯ."

"ಅಣೆಕಟ್ಟಿನ ನೀರು ಕಾಯ್ತದಾ ಹೂವಣ್ಣ? ಕತ್ತಲಾಗೋದ್ರೊಳಗೆ ಗುಡ್ಡದ ನೆತ್ತಿನೂ ಮುಳುಗ್ತದೆ. ಇವ್ರು ಇನ್ನೆಲ್ಲಿಗೂ ಹೋಗಲ್ಲ."

ಆ ದನಗಳೂ ಮುಳುಗಿದರೆ ಗಂಡ ಸುಮ್ಮನೆ ಸತ್ತಂತಾಗುತ್ತದೆ. ಅದೊಂದನ್ನು ಅವಳು ತಾಳಲಾರಳು.

"ದನಕ್ಕೆ ಹಿಂಸೆ ಕೊಡಬಾರ್ದು ಅಂತ ದಿಲ್ಲೀಲಿ ಕಾನೂನೇ ಬಂದಿದ್ಯಂತೆ," ಎಂದ ಮೈದುನ ಅಂಜನಪ್ಪ.

"ಬರ್ಲಿ. ದಿಲ್ಲಿಯೋರು ದೋಣಿ ತರ್ತಾರಾ?"

"ದೋಣಿ ನಂದಿದೆಯಲ್ಲ," ಎಂದು ಅಂಜನಪ್ಪ ಎದ್ದ. "ಹಗ್ಗ ಕೊಡಿ ಅತ್ಗೆ."

\*

ಅರವತ್ನಾಲ್ಕರ ಮಳೆಗಾಲ. ಅಣೆಕಟ್ಟಿನ ನೀರು ಏರತೊಡಗಿದಾಗ ಊರಿಗೆ ಊರೇ ಗಂಟುಮೂಟೆ ಕಟ್ಟಿ ಈ ದಿಬ್ಬಕ್ಕೆ ಬಂದಿತ್ತು. ಉಳುವ ಎತ್ತು, ಹಾಲು ಕರೆಯುವ ಎಮ್ಮೆ ಜತೆಗೆ ಬಂದವು. ಮುದಿ ದನಗಳಿಗೆ ಇಲ್ಲಿ ಹುಲ್ಲೆಲ್ಲಿ? ಹೇಗೋ ಮೇಯ್ದು ಬದುಕುತ್ತವೆ ಎಂದು ಹಗ್ಗ ಬಿಚ್ಚಿ ಕಾಡಿಗೆ ಅಟ್ಟಿದರು.

ದನಗಳು ಮೇಯ್ದವು. ಸಂಜೆಯಾಗುತ್ತಲೇ, ಹುಟ್ಟಿದಂದಿನ ರೂಢಿಯಂತೆ, ಹಳೇ ಊರಿನ ತಂತಮ್ಮ ಕೊಟ್ಟಿಗೆಗೆ ಮರಳಿ ಬಂದು ಮೊಣಕಾಲು ನೀರಿನಲ್ಲಿ ನಿಂತವು. ಅದನ್ನು ಕಂಡವನು ಮೀನಿಗೆಂದು ಹೋಗಿದ್ದ ಜಟ್ಟಿಂಗಪ್ಪ. ಆಮೇಲೆ ದಿನಾ ಹೋಗಿ ಅವನ್ನು ಗುಡ್ಡಕ್ಕೆ ಹತ್ತಿಸಿ ಬರುತ್ತಿದ್ದ.

"ಯಾರ್ಯಾರದೋ ದನ. ನಿಮಗ್ಯಾಕೆ ಉಸಾಬರಿ?" ಎಂದಿದ್ದಳು ಬೆಳ್ಳಮ್ಮ.

"ಬಾಗ್ಲ ಕಡೇನೇ ನೋಡ್ತಾ ನಿಂತಿರ್ತವೆ ಮಾರಾಯ್ತಿ, ಯಾರೋ ಬಂದು ಕಟ್ತಾರೆ ಅಂತ."

ನಿನ್ನೆ ಕೊನೆಯ ದನವನ್ನು ಹೊರಗಟ್ಟುತ್ತಿದ್ದಾಗ, ನೀರಲ್ಲಿ ನೆನೆದಿದ್ದ ಕೊಟ್ಟಿಗೆಯ ಮಣ್ಣಿನ ಗೋಡೆ ಅವನ ಮೇಲೆ ಕುಸಿದಿತ್ತು.

\*

ಮಧ್ಯಾಹ್ನ ತಿರುಗುವ ಹೊತ್ತಿಗೆ ದೋಣಿಯ ಹಿಂದೆ, ಮೂಗಷ್ಟೇ ಮೇಲೆತ್ತಿಕೊಂಡು ಈಜುತ್ತ ದನಗಳು ಬಂದವು. ದಡ ಹತ್ತಿ ನಡುಗುತ್ತ ನಿಂತವು. ಇದು ನಮ್ಮದು ಎಂದು ಯಾರೂ ಮುಂದೆ ಬರಲಿಲ್ಲ. ಬೆಳ್ಳಮ್ಮ ಒಬ್ಬೊಬ್ಬರ ಮುಖ ನೋಡಿದಳು. ಎಲ್ಲರ ಕಣ್ಣೂ ನೆಲದ ಮೇಲಿತ್ತು.

ಒದ್ದೆ ಹಗ್ಗದಲ್ಲೇ ಚಟ್ಟ ಕಟ್ಟಿದರು.

"ಆಯ್ತಲ್ಲ. ಇನ್ನು ಎತ್ರಪ್ಪ," ಎಂದು ಹೂವಯ್ಯ ಮುಂದುಗಡೆ ಹೆಗಲು ಕೊಟ್ಟ.

ಆ ದನಿಗೆ ಒಂದು ಮುದಿ ಎತ್ತು ಕಿವಿ ನಿಮಿರಿಸಿತು. ಜನರನ್ನು ಸರಿಸಿಕೊಂಡು ಬಂದು ನೇರ ಅವನೆದುರು ನಿಂತಿತು.

"ಹೂವಣ್ಣ," ಎಂದ ಅಂಜನಪ್ಪ ಮೆಲ್ಲಗೆ, "ನಿಮ್ಮೆತ್ತನ್ನ ಹೊಸನಗರದ ನೆಂಟರಿಗೆ ಕೊಟ್ಟೆ ಅಂದಿದ್ರಿ."

ಹೂವಯ್ಯ ಸರಿಯುವಂತೆ ಇರಲಿಲ್ಲ, ಹೆಗಲ ಮೇಲೆ ಜಟ್ಟಿಂಗಪ್ಪನಿದ್ದ. ಎತ್ತು ಕುತ್ತಿಗೆ ಚಾಚಿ ಹೂವಯ್ಯನ ಮೊಣಕೈಯ ಬೆವರನ್ನು ನಿಧಾನವಾಗಿ ನೆಕ್ಕತೊಡಗಿತು.